ದಾರಿಯಲ್ಲಿ ಉದುರಿದ ‘ಇಲ್ಲ’

ಮಾರ್ಚ್ ೧೪, ಗುರುವಾರ

ಇಂದು ಒಂದು ‘ಇಲ್ಲ’ ದಾರಿಯಲ್ಲಿ ಉದುರಿಹೋಯಿತು. ಉದುರಿಸಿದವಳು ನಾನು.

ರೈಲು ಕಂಟ್ರೋಲ್ ಫೋನಿನ ಹಳೆಯ ತಾಮ್ರದ ಲೈನನ್ನು ನಿನ್ನೆ, ಮಾತನ್ನು ಅಂಕಿಗಳಾಗಿ ಕಳಿಸುವ ಐಪಿ ಪೆಟ್ಟಿಗೆಗಳಿಗೆ ಬದಲಾಯಿಸಿದೆವು. ಕಂಟ್ರೋಲ್ ಆಫೀಸಿನ ತುದಿಯಲ್ಲಿ ನಾನು, ಲೈನಿನ ಆ ತುದಿಯ ಸಣ್ಣ ಸ್ಟೇಷನ್ನಿನಲ್ಲಿ ನನ್ನ ಜೂನಿಯರ್ ಭಾಲೇರಾವ್. ಎರಡೂ ಪೆಟ್ಟಿಗೆ ಒಂದೇ ತಾಳಕ್ಕೆ ನಡೆಯಲು ಒಂದು ತುದಿ ತನ್ನ ಗಡಿಯಾರದ ತಾಳ ಕೊಡಬೇಕು, ಇನ್ನೊಂದು ಅದನ್ನು ಹಿಡಿಯಬೇಕು. ಎರಡೂ ಹಿಡಿಯಲು ಕೂತರೆ ನಡುನಡುವೆ ಒಂದೊಂದು ಮಾತು ಉದುರುತ್ತದೆ. ನಾನು ‘ಎದುರಿನಿಂದ ತೆಗೆದುಕೋ’ ಎಂದು ಸೆಟ್ ಮಾಡಿದ್ದೆ. ಅವನೂ ಅದನ್ನೇ ಮಾಡಿದ್ದ.

“ನೀವು ಸೀನಿಯರ್ರು ಅಕ್ಕಾ, ನೀವೇ ಕೊಡ್ತೀರಿ ಅನ್ಕೊಂಡೆ” ಅಂದ ಇವತ್ತು. ನಿನ್ನೆ ಪೆಟ್ಟಿಗೆಯ ಹಸಿರು ದೀಪ ಕಂಡು, ಎಲ್ಲ ಸರಿಯಿದೆ ಎಂದು ನಾನು ಡಬ್ಬಿ ಬಿಚ್ಚಿ ಜೋಳದ ಭಾಕ್ರಿ ತಿಂದಿದ್ದೆ.

ಮಧ್ಯಾಹ್ನ ಅಲ್ಲಿಯ ಸ್ಟೇಷನ್ ಮಾಸ್ಟರ್ ಢವಳೆ ಕಾಕಾ ಫೋನಿನಲ್ಲಿ “ಹಳಿ ಖಾಲಿ ಇಲ್ಲ” ಅಂದರು. ಇಲ್ಲಿ ರೈಲು ಬಿಡುವ ಕಂಟ್ರೋಲರಿಗೆ ಕೇಳಿಸಿದ್ದು “ಹಳಿ ಖಾಲಿ.” ಕೇಳಿದ್ದನ್ನು ತಿರುಗಿ ಹೇಳುವುದು ಇಲ್ಲಿಯ ಹಳೆಯ ಕಟ್ಟಳೆ. “ಹಳಿ ಖಾಲಿ, ಗೂಡ್ಸ್ ಬಿಡ್ತೀನಿ” ಎಂದು ಕಂಟ್ರೋಲರ್ ತಿರುಗಿ ಹೇಳಿದರು.

“ಖಾಲಿ ಇಲ್ಲ ಸಾಹೇಬ್ರೇ. ಇಲ್ಲ. ರಿಪೇರಿಯವರು ಹನ್ನೊಂದು ಜನ ಹಳಿ ಮೇಲಿದ್ದಾರೆ” ಎಂದು ಕಾಕಾ ತಿದ್ದಿದರು.

ಅವರನ್ನು ಉಳಿಸಿದ್ದು ಆ ಕಟ್ಟಳೆ, ನನ್ನ ಪೆಟ್ಟಿಗೆಯಲ್ಲ.

ಸಂಜೆ ತಾಳವನ್ನು ನಮ್ಮ ಕಡೆಯಿಂದಲೇ ಕೊಟ್ಟು, ಕಾಕಾಗೆ ಫೋನು ಹಚ್ಚಿದೆ. “ದೀಪ ಹಸಿರೇ ಇತ್ತು ಕಾಕಾ” ಅಂದೆ.

“ಹಸಿರು ನೋಡಿ ನಂಬೋದು ಡ್ರೈವರ್ ಕೆಲಸ ಕಣವ್ವಾ. ನಮ್ಮದಲ್ಲ.”

ಬೈದಿದ್ದರೆ ಎಷ್ಟೋ ವಾಸಿಯಿತ್ತು. ಆಮೇಲೆ ಅವರೇ, ಪರೀಕ್ಷೆ ಆಗಲಿ ಎಂದು, ನೂರು ಸಲ ‘ಇಲ್ಲ’ ಅಂದರು. ನಾನು ಗೀಟು ಹಾಕುತ್ತ ಕೂತೆ. ನೂರೂ ಬಂದವು.

ಮಲಗಬೇಕು. ಕಿವಿ ಮಾತ್ರ ಮಧ್ಯಾಹ್ನ ಉದುರಿದ ಆ ಒಂದು ‘ಇಲ್ಲ’ಕ್ಕೆ ಇನ್ನೂ ಕಾಯುತ್ತಿದೆ.