ಉಣ್ಣೆಯ ಹುಳಕ್ಕೆ ಬಿದ್ದ ಮೀನು

ಬೀರದೇವಾ,

ನೀನು ಸತ್ತ ಮೇಲೆ, ಇವತ್ತು ನನ್ನ ಗಾಳಕ್ಕೆ ಮೀನು ಬಿತ್ತು ನೋಡು. ಕುರಿಯ ಉಣ್ಣೆ ಸುತ್ತಿ ನೀನು ಕಟ್ಟಿಕೊಟ್ಟಿದ್ದ ಆ ಸುಳ್ಳು ಹುಳಕ್ಕೇ! ಕರಜಗಿ ಹಳ್ಳದಲ್ಲಿ ನಿನ್ನ ಪಕ್ಕ ಕುಳಿತಾಗ ಒಂದೂ ಕಚ್ಚಲಿಲ್ಲ, ಹಾಳಾದ್ದು. "ಲಿಂಗ ಕಟ್ಟಿದವರ ಕೈಗೆ ಮೀನ ಸಿಗೂದಿಲ್ಲೋ ಮಲ್ಲು" ಎಂದು ನೀನು ನಗುತ್ತಿದ್ದೆ.

ನಮ್ಮ ಮನೆಯಲ್ಲಿ ಮೀನಿನ ಹೆಸರೂ ಎತ್ತುವಂತಿಲ್ಲ. ನಿನ್ನ ಮೇಲಿನ ಸಿಟ್ಟಿನಲ್ಲೇ ಅದನ್ನು ನಿನ್ನ ಮನೆಗೆ ಒಯ್ದೆ.

"ಒಳಗ ಬರ್ರಿ ಅಣ್ಣಾ, ಇವತ್ತರ ಉಂಡ ಹೋಗ್ರಿ," ಎಂದಳು ನಿನ್ನ ಹೆಂಡತಿ ಚನ್ನವ್ವ. ಎಂದಿನಂತೆ ಹೊಸ್ತಿಲಾಚೆಯೇ ನಿಂತೆ.

"ನಿಮ್ಮ ಊಟಕ್ಕಂತ ಅವರು ಬ್ಯಾರೆ ಗಡಿಗಿ ತಂದಿಟ್ಟಿದ್ರರಿ. ಮೀನ, ಮಾಂಸ ಅದಕ್ಕ ಒಮ್ಮೆನೂ ತಾಕಿಸಿಲ್ಲ."

ಹಳ್ಳದ ದಂಡೆಯಲ್ಲಿ ಮೀನು ಬೆದರುವಷ್ಟು ಹರಟುತ್ತಿದ್ದೆಯಲ್ಲ, ಈ ಒಂದು ಮಾತು ಹೇಳಲು ನಿನಗೇನಾಗಿತ್ತೋ?