ನಾಲ್ಕು ಬೆರಳು ಎತ್ತರವಾದ ಪೆಟ್ಟಿಗೆ

ದೊಡ್ಡಪ್ಪ,

ವಾಡಿಕೆಯಂತೆ ಮೊದಲಿಗೆ ‘ಪೂಜ್ಯ’ ಎಂದು ಬರೆದಿದ್ದೆ. ಆಮೇಲೆ ಹೊಡೆದುಹಾಕಿದೆ. ಗೀಟು ನಿಮಗೆ ಕಾಣಲಿ ಎಂದೇ ಹಾಳೆ ಬದಲಿಸಿಲ್ಲ.

ನೀವು ವಸ್ತುಸಂಗ್ರಹಾಲಯಕ್ಕೆ ಕಳಿಸಿದ ಹಳೆಯ ಹತಾರದ ಪೆಟ್ಟಿಗೆಯನ್ನು ಇವತ್ತು ನೋಡಿದೆ. ಮುಚ್ಚಳ ಎತ್ತಿದ್ದೇ ಹಸಿ ಪಾಲಿಶಿನ ವಾಸನೆ ಮೂಗಿಗೆ ಬಡಿಯಿತು. ನಿಮ್ಮ ಕೆಲಸ ಅಲ್ಲೇ ಗೊತ್ತಾಯಿತು.

ಹಳೆಯ ಪೀಠೋಪಕರಣ ರಿಪೇರಿ ಮಾಡುವವಳೆಂದು, ಈ ಪೆಟ್ಟಿಗೆ ಯಾರ ಕೈಯದು ಎಂದು ಹೇಳಲು ಅಲ್ಲಿನವರು ನನ್ನನ್ನು ಕೇಳಿದ್ದರು. ಅಜ್ಜನದೇ ಎಂದು ನೀವು ಹೇಳಿಯಾಗಿತ್ತು. ನಾನೂ ನಂಬಿದ್ದೆ. ಹೋದ ತಿಂಗಳು, ಪೆಟ್ಟಿಗೆ ಇನ್ನೂ ನಿಮ್ಮ ಅಂಗಡಿಯಲ್ಲಿದ್ದಾಗ, ಸುಮ್ಮನೆ ಬಗ್ಗಿ ಅದರೊಳಗೆ ಕೈ ಇಳಿಬಿಟ್ಟೆ, ತಳದ ಮೂಲೆ ಸಲೀಸಾಗಿ ಬೆರಳಿಗೆ ಸಿಕ್ಕಿತು. ಅಲ್ಲೇ ನನಗೆ ಅನುಮಾನ ಹತ್ತಿದ್ದು. ಬಡಗಿ ತನ್ನ ಪೆಟ್ಟಿಗೆಯನ್ನು ತನ್ನ ತೋಳಿಗೆ ಅಳೆದು ಮಾಡಿಕೊಳ್ಳುತ್ತಾನೆ, ನಿಂತಲ್ಲೇ ಬಗ್ಗಿದರೆ ತಳದ ಉಳಿ ಕೈಗೆ ಬರಬೇಕು ಎಂದು ನನಗೆ ಹೇಳಿಕೊಟ್ಟವರು ನೀವೇ ಅಲ್ಲವೇ? ಅಜ್ಜ ಪ್ರತಿ ಬಾಗಿಲಲ್ಲೂ ತಲೆ ತಗ್ಗಿಸುತ್ತಿದ್ದ ಆಳು. ಅವರ ತೋಳಿಗೆ ಇದು ಆಟದ ಸಾಮಾನು. ಗಿಡ್ಡಗಿರುವ ನನಗೋ ಹೇಳಿ ಮಾಡಿಸಿದ ಹಾಗಿತ್ತು.

ಇದು ಅಜ್ಜನ ಅಳತೆಯಲ್ಲ ಎಂದು ಬಾಯಿಬಿಟ್ಟು ಹೇಳಿದೆ. ಬಾಗಿಲಲ್ಲಿ ನಿಂತಿದ್ದ ದೊಡ್ಡಮ್ಮ ನಕ್ಕುಬಿಟ್ಟರು. “ನಿಮ್ಮಜ್ಜ ಅದನ್ನ ಯಾವತ್ತು ಮುಟ್ಟಿದ್ರು? ಅದು ನಮ್ಮತ್ತೇದು, ನಿಮ್ಮಜ್ಜೀದು ಕಣೇ. ಮದುವೆಯಾಗಿ ಬಂದ ಹೊಸದರಲ್ಲಿ ಒರೆಸೋಕೆ ಹೋಗಿದ್ದೆ. ‘ನಾನೇ ಕೂಡಿಸಿದ್ದು, ಕೈ ಹಚ್ಚಬೇಡ’ ಅಂತ ಕೈ ಮೇಲೆ ಒಂದು ಬಿಟ್ರು.”

ನಿಮ್ಮ ಮುಖ ಕಪ್ಪಿಟ್ಟಿತು. “ನೀನು ಬಾಯ್ಮುಚ್ಚು. ಹೆಂಗಸು ಮಾಡಿದ್ದು ಅಂದ್ರೆ ನಮ್ಮಪ್ಪನ ಹೆಸರೇನಾಗ್ಬೇಕು? ಅಂಗಡಿ ಮರ್ಯಾದೆ ಏನಾಗ್ಬೇಕು?” ಎಂದಿರಿ. ವಯಸ್ಸಾದವರು, ಅರಗಿಸಿಕೊಳ್ಳಲು ಹೊತ್ತು ಬೇಕು, ಇನ್ನೊಮ್ಮೆ ಬಂದು ಸಮಾಧಾನವಾಗಿ ಮಾತಾಡೋಣ ಎಂದು ನಾನು ಎದ್ದು ಬಂದೆ. ನಾನು ಮತ್ತೆ ಬರುವ ಮೊದಲೇ ನೀವು ಗರಗಸಕ್ಕೆ ಸಾಣೆ ಹಿಡಿದಿರಿ.

ಇವತ್ತು ಆ ಪೆಟ್ಟಿಗೆ ನಾಲ್ಕು ಬೆರಳು ಎತ್ತರವಾಗಿದೆ! ಸುತ್ತಲೂ ಅಜ್ಜಿ ಕೆತ್ತಿದ್ದ ಅಂಚನ್ನು ಹೆರೆದು, ಮೇಲೊಂದು ಹೊಸ ಹಲಗೆ ಕೂರಿಸಿ, ಬಣ್ಣ ಬಳಿದು, ಅದರ ಮೇಲೆ ಮುಚ್ಚಳ ಜಡಿದಿದ್ದೀರಿ. ಅಜ್ಜನ ತೋಳಿಗೆ ಆಳ ಸರಿಹೋಯಿತು. ಆದರೆ ಎಂಥ ಕೆಲಸ ಅದು! ಮೂಲೆ ಕೂಡದ ಕಡೆಯೆಲ್ಲ ಮರದ ಪುಡಿಗೆ ಅಂಟು ಕಲಸಿ ಮೆತ್ತಿದ್ದೀರಿ. ಗೋಡೆ ಎತ್ತರಿಸುವ ಭರಾಟೆಯಲ್ಲಿ ಒಳಗಿನ ಜಾರುವ ಖಾನೆಗಳನ್ನು ಇದ್ದಲ್ಲೇ ಬಿಟ್ಟಿದ್ದೀರಿ. ಮೇಲಿನ ಖಾನೆಗೂ ಮುಚ್ಚಳಕ್ಕೂ ನಡುವೆ ಈಗ ಇಲಿಯೊಂದು ಸಂಸಾರ ಹೂಡಬಹುದು. ಯಾವ ಬಡಗಿ ತನ್ನ ಪೆಟ್ಟಿಗೆಯಲ್ಲಿ ಅಷ್ಟು ಜಾಗ ದಂಡ ಮಾಡುತ್ತಾನೆ? ಕೂದಲೆಳೆಯಷ್ಟು ಸಂದು ಬಿಟ್ಟಿದ್ದಕ್ಕೆ ನಾನು ಮಾಡಿದ ಮೊದಲ ಸ್ಟೂಲನ್ನು ಅಂಗಳಕ್ಕೆ ಎಸೆದವರು ನೀವು.

ಬರೀ ಸುಳ್ಳು ಹೇಳಿದ್ದರೆ ಬೇಜಾರು ಮಾಡಿಕೊಂಡು ಸುಮ್ಮನಾಗುತ್ತಿದ್ದೆ. ಹೆತ್ತವಳ ಕೆಲಸದ ಮೇಲೆ ಉಳಿ ಆಡಿಸಿದ್ದೀರಿ. ನನಗೆ ಅಸಹ್ಯವಾಗುತ್ತಿದೆ ದೊಡ್ಡಪ್ಪ. ಅಜ್ಜನ ಕೈ ನಡುಗಲು ಶುರುವಾದ ಮೇಲೆ ಹಿತ್ತಲ ಕೋಣೆಯಲ್ಲಿ ಕದ ಹಾಕಿಕೊಂಡು ಕುರ್ಚಿ, ಕಪಾಟು ಮಾಡಿ ನಿಮ್ಮನ್ನೂ ನನ್ನಪ್ಪನನ್ನೂ ಸಾಕಿದವರು ಅಜ್ಜಿಯಂತೆ. ದೊಡ್ಡಮ್ಮ ಇದನ್ನು ಫೋನಿನಲ್ಲಿ ಪಿಸುಗುಟ್ಟಿದರು, ನೀವು ಪಕ್ಕದ ಕೋಣೆಯಲ್ಲಿದ್ದಿರೆಂದು. ಆ ಅನ್ನ ತಿಂದ ಕೈಯಲ್ಲೇ ಆ ಅಂಚು ಹೆರೆಯಲು ನಿಮಗೆ ಹೇಗೆ ಮನಸ್ಸು ಬಂತು? ಬೆಳಗಿನಿಂದ ಇದೇ ಪ್ರಶ್ನೆ ತಲೆಯಲ್ಲಿ ಕೊರೆಯುತ್ತಿದೆ.

ವಸ್ತುಸಂಗ್ರಹಾಲಯದ ಅಧಿಕಾರಿಗೆ ನಾನು ಎಲ್ಲವನ್ನೂ ಹೇಳಿದೆ. ಮೇಲಿನ ಹೊಸ ಹಲಗೆ ಎಲ್ಲಿಂದ ಶುರುವಾಗುತ್ತದೆ ಎಂದು ಅಳತೆಪಟ್ಟಿ ಹಿಡಿದು ತೋರಿಸಿದೆ, ಖಾನೆಯ ಮೇಲಿನ ಖಾಲಿ ಜಾಗ ತೋರಿಸಿದೆ. ಆಕೆಯೂ ಬಗ್ಗಿ ಕೈ ಇಳಿಬಿಟ್ಟು ನೋಡಿದರು. “ಈ ಹಲಗೆ ಕಿತ್ತುಬಿಡೋಣ್ವಾ?” ಎಂದರು. ಬೇಡ ಎಂದೆ. ಹಲಗೆ ಕಿತ್ತರೂ ಹೆರೆದ ಅಂಚು ವಾಪಸು ಬರುವುದಿಲ್ಲ.

ಅಲ್ಲಿಯ ಫಲಕದಲ್ಲಿ ವಸ್ತುವನ್ನು ಮಾಡಿದವರ ಹೆಸರಿನ ಜೊತೆಗೆ, ಆಮೇಲೆ ಅದಕ್ಕೆ ಕೈ ಹಾಕಿದವರ ಹೆಸರನ್ನೂ ಹಾಕುವುದು ರೂಢಿಯಂತೆ. ನಾನು ಹೇಳಿ ಬರೆಸಿದೆ. ಮಾಡಿದವರು ಎಂಬಲ್ಲಿ ಅಜ್ಜಿಯ ಹೆಸರು ಬಂತು. ಅದರ ಕೆಳಗೆ, ‘ಮೇಲಿನ ಹಲಗೆ ನಂತರ ಸೇರಿಸಿದ್ದು’ ಎಂಬುದರ ಮುಂದೆ, ನಿಮ್ಮ ಪೂರ್ತಿ ಹೆಸರು ಬಂತು. ಅಂಗಡಿಯ ಬೋರ್ಡಿನಲ್ಲಿ ಹೇಗಿದೆಯೋ ಹಾಗೇ ಬರೆಸಿದ್ದೇನೆ. ಜನ ಎರಡನ್ನೂ ಓದುತ್ತಾರೆ, ಪೆಟ್ಟಿಗೆಯನ್ನೂ ನೋಡುತ್ತಾರೆ.

ಬರೆದುಕೊಳ್ಳುತ್ತ ಆಕೆ ತಲೆಯೆತ್ತಿ, “ಇವರೂ ಬಡಗಿನೇನಾ?” ಎಂದು ಕೇಳಿದರು. ನೀವೇ ನೋಡಿ ಎಂದು ಅಂಟು ಮೆತ್ತಿದ ಮೂಲೆಯನ್ನು ತೋರಿಸಿದೆ.

ವಾಡಿಕೆಯಂತೆ ಕಾಗದದ ಕೊನೆಗೆ ನಾನು ನಿಮ್ಮ ಆಶೀರ್ವಾದ ಬೇಡಬೇಕು. ಈ ಸಲ ಅದನ್ನು ನೀವೇ ಇಟ್ಟುಕೊಳ್ಳಿ. ದೊಡ್ಡಮ್ಮನ ಮಂಡಿನೋವು ಕಮ್ಮಿಯಾಗಲಿ, ಅವರು ಇನ್ನು ಮೇಲಾದರೂ ಜೋರಾಗಿ ಮಾತಾಡುವಂತಾಗಲಿ.

ನಿಮ್ಮ ಕೈಕೆಳಗೆ ಕಸುಬು ಕಲಿತ,
ನಿಮ್ಮ ತಮ್ಮನ ಮಗಳು