ನೀವೂ ಕುಡಿದಿದ್ದ ಆಟಿ ಕಷಾಯ

ಎಡಪ್ಪಳ್ಳಿಯ ನಮ್ಮ ವಸತಿ ಸಂಕೀರ್ಣದ ನಿವಾಸಿಗಳ ಸಂಘದ ಅಧ್ಯಕ್ಷರಿಗೆ,

ಮಾನ್ಯರೇ,

ಬ್ಯಾಂಕ್ ನೌಕರಳಾದ ನಾನು ಮಕ್ಕಳ ಮೇಲೆ ಮಾಟಮಂತ್ರ ಪ್ರಯೋಗಿಸುವವಳೆಂದು ಸಂಘದ ಮೊಹರು ಹಾಕಿ ಪೊಲೀಸರಿಗೆ ದೂರು ಕೊಟ್ಟವರು ನೀವು. ಪಕ್ಕದ ಮನೆಯ ಮಗುವಿಗೆ ಏನೂ ಆಗಿಲ್ಲವೆಂದು ವೈದ್ಯರು ಹೇಳಿದರು, ಪೊಲೀಸರು ಕಡತ ಮುಚ್ಚಿದರು. ನೀವು ಮಾತ್ರ ಇನ್ನೂ ಬಾಯಿ ತೆರೆದಿಲ್ಲ. ಅದಕ್ಕೇ ಎಲ್ಲರೆದುರು ಈ ಪತ್ರ.

ನನ್ನ ಅಪರಾಧ ಇಷ್ಟು. ಆಟಿ ತಿಂಗಳ ಅಮಾವಾಸ್ಯೆಯಂದು ಸೂರ್ಯ ಹುಟ್ಟುವ ಮೊದಲು, ತಲೆಸ್ನಾನ ಮಾಡಿ ಕೂದಲು ಬಿಟ್ಟುಕೊಂಡೇ ಹೋಗಿ, ಹಿಂದಿನ ಗೋಡೆಯ ಬಳಿಯ ಹಾಲೆ ಮರದ ತೊಗಟೆಯನ್ನು ಕಲ್ಲಿನಿಂದ ಜಜ್ಜಿ ತೆಗೆದೆ. ಕಬ್ಬಿಣ ತಾಗಿಸಬಾರದೆಂಬುದು ನಮ್ಮ ಕರಾವಳಿಯ ಕ್ರಮ. ಓಮ, ಬೆಳ್ಳುಳ್ಳಿ, ಕರಿಮೆಣಸು ಸೇರಿಸಿ ಅರೆದ ಆ ಕಹಿ ರಸವನ್ನು, ರೋಗ ಬಾರದಿರಲೆಂದು, ಮನೆಮಂದಿಯೆಲ್ಲ ಕುಡಿದು, ಮೇಲೆ ಮೆಂತೆ ಗಂಜಿ ಉಂಡೆವು. ನನ್ನ ಮಗಳು ಕೃಪಾಳನ್ನು ಆಟಕ್ಕೆ ಕರೆಯಲು ಬಂದ ಪಕ್ಕದ ಮನೆಯ ಹುಡುಗಿ ಆನ್‌ಮರಿಯ "ಎನಿಕ್ಕುಂ", ನನಗೂ ಎಂದು ಕೈ ಚಾಚಿದಳು. ಒಂದು ಚಮಚ ಕೊಟ್ಟೆ, ಮುಖ ಕಿವುಚಿದಳು, ಬೆಲ್ಲ ಕೊಟ್ಟೆ. ಅವಳ ತಾಯಿಯನ್ನು ಕೇಳಬೇಕಿತ್ತು, ಒಪ್ಪುತ್ತೇನೆ.

ಆದರೆ ಈ ಮಲಯಾಳಿಗಳ ಊರಿನಲ್ಲಿ ಆ ಮರದ ಹೆಸರು ಪಾಲ. ಅಲ್ಲಿ ಕೂದಲು ಬಿಟ್ಟುಕೊಂಡು ರಕ್ತ ಹೀರುವ ಯಕ್ಷಿಯ ವಾಸ. ಸಿಸಿಟಿವಿಯಲ್ಲಿ ಕೂದಲು ಬಿಟ್ಟ ಹೆಂಗಸು, ಕೈಯಲ್ಲಿ ಕಲ್ಲು. ವಾಟ್ಸಾಪ್ ಗುಂಪಿಗೆ ಇನ್ನೇನು ಬೇಕು? ನಮ್ಮ ಆಟಿಯೇ ಆದ ಇವರ ಕರ್ಕಟಕ ಮಾಸದಲ್ಲಿ ಅಂಗಡಿಯವರು ಪ್ಯಾಕೆಟ್ ಮಾಡಿ ಮಾರುವ ಮದ್ದುಗಂಜಿ ಆರೋಗ್ಯ, ನನ್ನ ಕಷಾಯ ಮಾಟ! ಆನ್‌ಮರಿಯಳ ತಾಯಿ ಹೆದರಿದ್ದನ್ನು ನಾನು ದೂರುವುದಿಲ್ಲ. ಮಗುವಿನ ಮಾತು ಕೇಳಲೇಬೇಕು. ನಿಮ್ಮ ಸಮಿತಿ ಕೇಳಿತೇ? ಒಬ್ಬರಾದ ಮೇಲೊಬ್ಬರು ಕೂರಿಸಿಕೊಂಡು "ಚೋರ ಉಂಡಾಯಿರುನ್ನೋ ಮೋಳೇ?", ರಕ್ತವಿತ್ತೇ ಮಗಳೇ ಎಂದು ಕೆದಕಿದರೆ, ಆ ಕೂಸು ಹೂಂ ಎನ್ನದೆ ಏನು ಮಾಡೀತು? ಬೆಳಿಗ್ಗೆ ಕಹಿ ನೀರು ಎಂದವಳು ಸಂಜೆಗೆ ರಕ್ತವನ್ನೂ ಕಂಡಿದ್ದಳು.

ತಿಳಿಯದವರು ಹೀಗೆ ಮಾಡಿದ್ದರೆ ಮರೆಯುತ್ತಿದ್ದೆ. ಆದರೆ ನೀವು ಕಾಸರಗೋಡಿನವರು. ಹೋದ ವರ್ಷ ಇದೇ ಅಮಾವಾಸ್ಯೆಗೆ ನನ್ನ ಬಾಗಿಲಲ್ಲಿ ನಿಂತು, "ಅಕ್ಕ, ನಂಗೂ ಒಂದು ಲೋಟ ಇಡಿ ಆಯ್ತಾ. ಅಮ್ಮ ಹೋದ್ಮೇಲೆ ಇದು ಕಾಣ್ಲಿಕ್ಕೇ ಸಿಗ್ಲಿಲ್ಲ" ಎಂದವರು. ಕುಡಿದು ಕಣ್ಣೊರೆಸಿಕೊಂಡವರು, ಗಂಜಿಯನ್ನು ಮತ್ತೊಮ್ಮೆ ಹಾಕಿಸಿಕೊಂಡವರು. ಸಂಘದ ಸಭೆಯಲ್ಲಿ ನಿಮ್ಮ ಮುಖ ನೋಡಿಯೇ ಕೇಳಿದೆ: "ನೀವೇ ಹೇಳಿ ಸರ್, ಇದು ಎಂತದ್ದು ಅಂತ." ನೀವು ಮಲಯಾಳಂನಲ್ಲಿ "ಎನಿಕ್ಕರಿಯಿಲ್ಲ" ಎಂದಿರಿ. ಗೊತ್ತಿಲ್ಲವಂತೆ! ಹೊರಗಿನವರೆಂಬ ಹೆಸರು ನಿಮಗೂ ತಗಲೀತೆಂಬ ಭಯವೇ? ಉಂಡ ಮನೆಯ ಗಳ ಎಣಿಸುವವರ ಬಗ್ಗೆ ಕೇಳಿದ್ದೆ. ಉಂಡದ್ದನ್ನೇ ಇಲ್ಲವೆನ್ನುವವರನ್ನು ಮೊದಲ ಸಲ ಕಂಡೆ. ಪೊಲೀಸರ ಪ್ರಶ್ನೆಗಳಿಗಿಂತ ನಿಮ್ಮ ಆ ಒಂದು ಮಾತು ನನಗೆ ಹೆಚ್ಚು ನೋವು ಕೊಟ್ಟಿತು.

ಈಗ ನಮ್ಮನ್ನು ಕಂಡರೆ ಆನ್‌ಮರಿಯ ತನ್ನ ತಾಯಿಯ ಹಿಂದೆ ಅಡಗುತ್ತಾಳೆ. ಕೃಪಾ ಒಬ್ಬಳೇ ಶಾಲೆಯ ಬಸ್ಸಿಗೆ ಕಾಯುತ್ತಾಳೆ. ಮೊನ್ನೆ ಲಿಫ್ಟಿನಲ್ಲಿ ನನ್ನ ಕೈ ಜಗ್ಗಿ ಪಿಸುಗುಟ್ಟಿದಳು: "ಅಮ್ಮೇ, ಇವಿಡೆ ಕನ್ನಡ ಪರಯಲ್ಲೇ." ಇಲ್ಲಿ ಕನ್ನಡ ಮಾತಾಡಬೇಡ, ಜನ ಮಂತ್ರವೆಂದುಕೊಳ್ಳುತ್ತಾರೆ ಎಂದು.

ನಿಮ್ಮ ಕ್ಷಮೆ ನನಗೆ ಬೇಡ. ಮುಂದಿನ ಮಹಾಸಭೆಯಲ್ಲಿ ಎದ್ದು ನಿಂತು, ಅದು ಕಷಾಯ, ನನ್ನ ತಾಯಿಯೂ ಕುಡಿಸುತ್ತಿದ್ದರು, ಈ ಹೆಂಗಸಿನ ಕೈಯಿಂದ ನಾನೂ ಕುಡಿದಿದ್ದೇನೆ ಎಂದು ಹೇಳಿ. ಮಲಯಾಳಂನಲ್ಲೇ ಹೇಳಿ, ಎಲ್ಲರಿಗೂ ತಿಳಿಯಲಿ. ಆಮೇಲೆ ಲಿಫ್ಟಿನಲ್ಲಿ ಕೃಪಾ ಸಿಕ್ಕಾಗ, ನಾಲ್ಕು ಜನರೆದುರು, ಅವಳನ್ನು ಒಂದು ಸಲ ಕನ್ನಡದಲ್ಲಿ ಮಾತಾಡಿಸಿ.

ಇಂತಿ,
ಹೋದ ವರ್ಷದವರೆಗೆ ನಿಮ್ಮ 'ಅಕ್ಕ' ಆಗಿದ್ದ
ಮಂದಾಕಿನಿ